ಪಟ್ಟಿಯಲ್ಲಿಲ್ಲದ ತಮ್ಮ, ಓದಲಾಗದ ನೋಟೀಸು

ಪ್ರಶ್ನೆ: ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಗೇರು ತೋಟದ ಕೆಳಗಿನ ಕಣಿವೆಯಲ್ಲಿದೆ. ತಮ್ಮನಿಗೆ ಈಗ 29 ವರ್ಷ. ಹುಟ್ಟಿದಂದಿನಿಂದ ಮಾತಿಲ್ಲ, ಎದ್ದು ನಡೆಯಲಾರ, ಬುದ್ಧಿಯೂ ಬೆಳೆದಿಲ್ಲ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರನ್ನು ಗುರುತಿಸುವ 2017ರ ವೈದ್ಯಕೀಯ ಶಿಬಿರಕ್ಕೆ ಅವನನ್ನು ಜೀಪಿನಲ್ಲಿ ಮಲಗಿಸಿಕೊಂಡು ಹೋಗಿದ್ದೆವು. ಕೊನೆಯ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಆಮೇಲೆ ಒಂದು ಕಚೇರಿಯಿಂದ ಮಲಯಾಳದಲ್ಲಿ ಪತ್ರ ಬಂತು. ಅಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಓದಲು ಬರುವುದಿಲ್ಲ, ನಾನು ಆಗ ಊರಿನಲ್ಲಿರಲಿಲ್ಲ. ಯಾರಿಂದಲೋ ಓದಿಸುವಷ್ಟರಲ್ಲಿ ದಾಖಲೆ ಹಾಜರುಪಡಿಸುವ ಗಡುವು ದಾಟಿತ್ತು. ಈಗ ಹೋಗಿ ಕೇಳಿದರೆ "ಅದು ಮುಗಿದ ವಿಷಯ" ಎನ್ನುತ್ತಾರೆ. ಸಹಾಯಧನ ಕೇಳುವ ಹಕ್ಕು ನಮಗೆ ಇನ್ನೂ ಇದೆಯೇ? ಕನ್ನಡದಲ್ಲಿ ಅರ್ಜಿ ಬರೆದರೆ ತೆಗೆದುಕೊಳ್ಳುತ್ತಾರೆಯೇ? ಅಮ್ಮನಿಗೆ 67 ದಾಟಿತು, ಅವರ ನಂತರ ಅವನ ಪರವಾಗಿ ಸಹಿ ಹಾಕುವವರು ಯಾರು?

ಉತ್ತರ: ಹಕ್ಕು ಇದೆ, ಮತ್ತು ವಿಷಯ ಮುಗಿದಿಲ್ಲ. ಕಚೇರಿಯ ಕಿಟಕಿಯ ಬಳಿ ಬಾಯಿಮಾತಿನಲ್ಲಿ ಹೇಳಿದ "ಮುಗಿಯಿತು" ಎಂಬುದಕ್ಕೆ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ. ನಿಮ್ಮ ತಮ್ಮನ ಹೆಸರನ್ನು ಏಕೆ ಬಿಟ್ಟಿದ್ದಾರೆ ಎಂಬುದನ್ನು ಕಾರಣಸಹಿತ ಲಿಖಿತವಾಗಿ, ನೀವು ಓದಬಲ್ಲ ಭಾಷೆಯಲ್ಲಿ ತಿಳಿಸುವವರೆಗೆ ಆ ಕಡತವನ್ನು ಮುಚ್ಚಿದ ಕಡತವೆಂದು ನಾನು ಒಪ್ಪುವುದಿಲ್ಲ, ನೀವೂ ಒಪ್ಪಬೇಕಾಗಿಲ್ಲ.

ಮುಂದೆ ಹೋಗುವ ಮೊದಲು ಒಂದು ವಿನಂತಿ. ನಿಮ್ಮ ಪ್ರಶ್ನೆಯಲ್ಲಿ "ಸಹಾಯಧನ" ಎಂದು ಬರೆದಿದ್ದೀರಿ. ಅರ್ಜಿಯಲ್ಲಿ ಆ ಶಬ್ದವನ್ನು ಬಳಸಬೇಡಿ. "ನಷ್ಟಪರಿಹಾರ" ಎಂದೇ ಬರೆಯಿರಿ. ಸಹಾಯಧನವೆಂದರೆ ಕೊಡುವವನ ಮನಸ್ಸಿಗೆ ಬಿಟ್ಟದ್ದು. ನಿಮ್ಮ ತಮ್ಮನಿಗೆ ಸಲ್ಲಬೇಕಾದದ್ದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೆ ಆದ ಹಾನಿಯ ಬಾಬ್ತು ಸರಕಾರ ತೀರಿಸಬೇಕಾದ ಬಾಕಿ. ಇದು ಕೇವಲ ಶಬ್ದದ ಹಟವಲ್ಲ. ಅರ್ಜಿಯ ಮೊದಲ ಸಾಲಿನಲ್ಲಿ ನೀವು ಏನೆಂದು ಬರೆಯುತ್ತೀರೋ ಅದರ ಮೇಲೆ ಆ ಅರ್ಜಿ ಯಾವ ಮೇಜಿಗೆ ಹೋಗುತ್ತದೆ, ಅದಕ್ಕೆ ಯಾವ ಧಾಟಿಯ ಉತ್ತರ ಬರುತ್ತದೆ ಎಂಬುದು ನಿಂತಿರುತ್ತದೆ.

ಈ ಬಾಕಿ ಹೇಗೆ ಹುಟ್ಟಿತು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಆದರೂ ಅರ್ಜಿಯಲ್ಲಿ ಹೇಳಬೇಕಾದಷ್ಟನ್ನು ನೆನಪಿಸುತ್ತೇನೆ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಎಂಬ ಸರಕಾರಿ ಸಂಸ್ಥೆ 1970ರ ದಶಕದ ಕೊನೆಯಿಂದ 2000ದ ಡಿಸೆಂಬರಿನವರೆಗೆ, ಚಹಾ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲೆಂದು, ಕಾಸರಗೋಡಿನ ತನ್ನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ತೋಟಗಳಿದ್ದದ್ದು ಗುಡ್ಡದ ನೆತ್ತಿಯಲ್ಲಿ; ಮನೆ, ಅಡಿಕೆ ತೋಟ, ತೋಡು ಇದ್ದದ್ದು ಕೆಳಗಿನ ಕಣಿವೆಯಲ್ಲಿ. ಸಿಂಪಡಣೆಯ ದಿನ ಬಾವಿಗಳನ್ನು ಮುಚ್ಚಿಡಿ ಎಂದು ಜನರಿಗೆ ಹೇಳಲಾಗುತ್ತಿತ್ತು. ಬಾವಿಯನ್ನೇನೋ ಮಡಲು ಹಾಸಿ ಮುಚ್ಚಬಹುದು. ಪಡ್ರೆ, ಸ್ವರ್ಗ, ವಾಣಿನಗರದ ಕಡೆ ಹೆಚ್ಚಿನ ಮನೆಗಳು ಕುಡಿಯುತ್ತಿದ್ದದ್ದು ಸುರಂಗದ ನೀರನ್ನು. ಗುಡ್ಡದ ಹೊಟ್ಟೆಯೊಳಗೆ ಅಡ್ಡಲಾಗಿ ಕೊರೆದ, ಮೇಲಿನ ನೆಲ ಕುಡಿದದ್ದನ್ನೆಲ್ಲ ಹನಿಹನಿಯಾಗಿ ಕೆಳಗಿಳಿಸುವ ಸುರಂಗವನ್ನು ಯಾರು, ಯಾವುದರಿಂದ ಮುಚ್ಚುವುದು? ನಿಮ್ಮ ಮನೆಯ ನೀರಿನ ಮೂಲ ಯಾವುದು, ಅದು ತೋಟದ ಅಂಚಿನಿಂದ ಎಷ್ಟು ದೂರ, ಎಷ್ಟು ಕೆಳಗೆ ಎಂಬುದನ್ನು ಅರ್ಜಿಯಲ್ಲಿ ಬಿಡದೆ ಬರೆಯಿರಿ. ಹಾಳೆಯೊಂದರಲ್ಲಿ ಕೈಯಿಂದ ನಕ್ಷೆ ಬರೆದು ಲಗತ್ತಿಸಿದರೂ ಸಾಕು. ವೈದ್ಯರ ತಂಡಕ್ಕೂ ನ್ಯಾಯಾಲಯಕ್ಕೂ ಉದ್ದದ ವಿವರಣೆಗಿಂತ ಅಂಥ ನಕ್ಷೆ ಬೇಗ ಅರ್ಥವಾಗುತ್ತದೆ.

ಈ ಹೋರಾಟ ಕಾನೂನಿನ ಬಾಗಿಲಿಗೆ ಬಂದದ್ದು ದೊಡ್ಡವರಿಂದಲ್ಲ. ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಬರೆದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಲುಪಿಸಿದರು. ಪೆರಿಯದಲ್ಲಿದ್ದ ಕೃಷಿ ಇಲಾಖೆಯ ನೌಕರರಾದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸೀಫ್ ಕೋರ್ಟಿನಿಂದ ಸಿಂಪಡಣೆಗೆ ತಡೆಯಾಜ್ಞೆ ತಂದರು. ಸುಪ್ರೀಂ ಕೋರ್ಟಿನ ಆಜ್ಞೆಗಳೆಲ್ಲ ಬಂದದ್ದು ಆಮೇಲೆ. ನಮ್ಮಂಥವರಿಂದ ಏನಾಗುತ್ತದೆ ಎಂಬ ಪ್ರಶ್ನೆ ನಿಮ್ಮ ಮನೆಯಲ್ಲಿ ಎದ್ದಾಗ ಆ ಮುನ್ಸೀಫ್ ಕೋರ್ಟನ್ನು ನೆನಪಿಸಿಕೊಳ್ಳಿ.

ಈಗ ನಿಮ್ಮ ಅರ್ಜಿಗೆ ಆಧಾರವಾಗುವ ಆದೇಶಗಳು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಡಿಸೆಂಬರ್ 31ರಂದು, ಮೃತರ ವಾರಸುದಾರರಿಗೂ ಹಾಸಿಗೆ ಹಿಡಿದವರಿಗೂ ಪರಸಹಾಯವಿಲ್ಲದೆ ಚಲಿಸಲಾಗದವರಿಗೂ ಬುದ್ಧಿಮಾಂದ್ಯರಿಗೂ ಕನಿಷ್ಠ 5 ಲಕ್ಷ ರೂಪಾಯಿ, ಇತರ ಅಂಗವೈಕಲ್ಯವುಳ್ಳವರಿಗೆ 3 ಲಕ್ಷ ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನಿನ ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ತಡೆಹಿಡಿಯಿತು. 2017ರ ಜನವರಿ 10ರಂದು ಅದೇ ನ್ಯಾಯಾಲಯ, ಬಾಕಿ ಉಳಿದಿರುವ 5 ಲಕ್ಷ ರೂಪಾಯಿಯನ್ನು ಎಲ್ಲ ಸಂತ್ರಸ್ತರಿಗೂ ಮೂರು ತಿಂಗಳೊಳಗೆ ಕೊಡಬೇಕು, ಜೀವನಪರ್ಯಂತ ಚಿಕಿತ್ಸೆಯ ಏರ್ಪಾಡಿನ ಬಗ್ಗೆಯೂ ಯೋಚಿಸಬೇಕು ಎಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಆ ಹಣವನ್ನು ಕೀಟನಾಶಕದ ತಯಾರಕರಿಂದ ವಸೂಲು ಮಾಡುವ ದಾರಿ ಸರಕಾರಕ್ಕೆ ತೆರೆದೇ ಇದೆ. ಅದು ಅವರವರೊಳಗಿನ ಲೆಕ್ಕ, ನಿಮ್ಮ ಮನೆಯವರು ಅದಕ್ಕಾಗಿ ಕಾಯಬೇಕಾಗಿಲ್ಲ.

ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು 2022ರ ಮೇ 13ರ ಆದೇಶ. ವರ್ಷಗಳು ಕಳೆದರೂ ಹಣ ಬಾರದ ಕಾರಣ ಎಂಟು ಮಂದಿ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ್ದರು. ಅದರ ವಿಚಾರಣೆ ನಡೆಯುತ್ತಿರುವಾಗ ಸರಕಾರ ಆ ಎಂಟು ಮಂದಿಗೆ ಮಾತ್ರ ಹಣ ಕೊಟ್ಟಿತ್ತು. ಪಟ್ಟಿಯಲ್ಲಿದ್ದ ಸಂತ್ರಸ್ತರ ಸಂಖ್ಯೆ 3,700ಕ್ಕೂ ಹೆಚ್ಚು. ಕೋರ್ಟಿನ ಮೆಟ್ಟಿಲು ಹತ್ತಬಲ್ಲವರಿಗಷ್ಟೇ ಕೊಟ್ಟು ಉಳಿದವರನ್ನು ಬಿಡುವುದಕ್ಕೆ ಯಾವ ತರ್ಕವೂ ಇಲ್ಲ ಎಂದು ನ್ಯಾಯಮೂರ್ತಿಗಳಾದ ಡಿ. ವೈ. ಚಂದ್ರಚೂಡ್ ಮತ್ತು ಸೂರ್ಯಕಾಂತ್ ಅವರ ಪೀಠ ಕಟುವಾಗಿ ಹೇಳಿತು. ಅರ್ಜಿದಾರರಿಗೆ ತಲಾ 50,000 ರೂಪಾಯಿ ಖರ್ಚು ಕೊಡಿಸಿದ್ದಲ್ಲದೆ, ಸಂತ್ರಸ್ತರನ್ನು ಗುರುತಿಸುವುದು, ಪರಿಹಾರ ವಿತರಿಸುವುದು, ಚಿಕಿತ್ಸೆಯ ಸೌಕರ್ಯ ನೋಡುವುದು ಇವುಗಳಿಗಾಗಿ ಮುಖ್ಯ ಕಾರ್ಯದರ್ಶಿ ಪ್ರತಿ ತಿಂಗಳು ಸಭೆ ನಡೆಸಬೇಕು ಎಂದೂ ವಿಧಿಸಿತು. "ಗುರುತಿಸುವುದು" ಎಂಬ ಶಬ್ದಕ್ಕೆ ಅಡಿಗೆರೆ ಹಾಕಿ ಇಟ್ಟುಕೊಳ್ಳಿ. 2022ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಗುರುತಿಸುವ ಕೆಲಸವನ್ನು ನಡೆಸಿಕೊಂಡು ಹೋಗಿ ಎಂದಿರುವಾಗ, 2017ರ ಪಟ್ಟಿಯೊಡನೆ ಎಲ್ಲವೂ ಮುಗಿಯಿತು ಎಂದು ಒಬ್ಬ ಗುಮಾಸ್ತರು ಹೇಳುವ ಹಾಗಿಲ್ಲ.

ಆ 2017ರ ಪಟ್ಟಿಯ ಬಗ್ಗೆಯೂ ಎರಡು ಮಾತು ಹೇಳಬೇಕು. ಶಿಬಿರದಲ್ಲಿ ಮೊದಲು ಗುರುತಿಸಲ್ಪಟ್ಟವರು 1,905 ಮಂದಿ. ಅಂತಿಮವಾಗಿ ಉಳಿದದ್ದು 287. ಪ್ರತಿಭಟನೆಗಳ ನಂತರ ಒಂದಷ್ಟು ಹೆಸರುಗಳು ಮತ್ತೆ ಸೇರಿದವು. ಹೊರಗುಳಿದವರಲ್ಲಿ ಪ್ರತಿಯೊಬ್ಬರೂ ಎಂಡೋಸಲ್ಫಾನಿನ ಸಂತ್ರಸ್ತರೇ ಎಂದು ನಾನು ಹೇಳುತ್ತಿಲ್ಲ. ಅದನ್ನು ಹೇಳಬೇಕಾದವರು ವೈದ್ಯರು. ಆದರೆ ಶಿಬಿರದಲ್ಲಿ ವೈದ್ಯರು ಪರೀಕ್ಷಿಸಿ ಬರೆದ ಹೆಸರನ್ನು ಆಮೇಲೆ ಹೊಡೆದುಹಾಕಿದಾಗ, ಯಾವ ಕಾರಣಕ್ಕೆ ಎಂದು ಆ ಮನೆಗೆ ತಿಳಿಸುವುದು ಸಹಜ ನ್ಯಾಯದ ಮೊದಲ ಪಾಠ. ಇನ್ನು, ಈ ರೋಗ ಎಂಡೋಸಲ್ಫಾನಿನಿಂದಲೇ ಬಂತೆಂದು ನೀವೇ ರುಜುವಾತುಪಡಿಸಿ ಎಂದು ಯಾರಾದರೂ ನಿಮ್ಮ ತಾಯಿಯನ್ನು ಕೇಳಿದರೆ, 1996ರ ವೆಲ್ಲೂರು ಸಿಟಿಜನ್ಸ್ ವೆಲ್ಫೇರ್ ಫೋರಂ ಪ್ರಕರಣವನ್ನು ಉಲ್ಲೇಖಿಸಿ. ಪರಿಸರಕ್ಕೆ ಹಾನಿ ಮಾಡಬಹುದಾದ ಕೆಲಸ ಮಾಡಿದವನೇ ಅದು ನಿರಪಾಯವೆಂದು ಸಿದ್ಧಪಡಿಸಬೇಕು, ಮಲಿನಗೊಳಿಸಿದವನೇ ಬೆಲೆ ತೆರಬೇಕು ಎಂಬ ತತ್ತ್ವಗಳು ನಮ್ಮ ದೇಶದ ಕಾನೂನಿನ ಭಾಗವೆಂದು ಸುಪ್ರೀಂ ಕೋರ್ಟು ಅಲ್ಲಿ ಹೇಳಿದೆ.

ಭಾಷೆಯ ಪ್ರಶ್ನೆಗೆ ಬರುತ್ತೇನೆ. ನನ್ನ ಮಟ್ಟಿಗೆ ನಿಮ್ಮ ಪತ್ರದ ಜೀವ ಇಲ್ಲಿದೆ. ಕೆಲವು ವರ್ಷಗಳ ಹಿಂದೆ ಗಡಿಭಾಗದ ಒಬ್ಬ ತಾಯಿ ನನ್ನಲ್ಲಿಗೆ ಬಂದಿದ್ದರು. ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲವೊಂದರಿಂದ ಕಾಗದಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಮಂಗಳೂರಿನ ಆಸ್ಪತ್ರೆಯ ಚೀಟಿಗಳು ಇಂಗ್ಲಿಷಿನಲ್ಲಿ, ಸರಕಾರಿ ನೋಟೀಸುಗಳು ಮಲಯಾಳದಲ್ಲಿ, ಮಗಳ ಅಂಗನವಾಡಿ ಕಾರ್ಡು ಮಾತ್ರ ಕನ್ನಡದಲ್ಲಿ. ಅವರಿಗೆ ಓದಲು ಬರುತ್ತಿದ್ದದ್ದು ಆ ಒಂದು ಕಾರ್ಡು. ಉಳಿದವುಗಳನ್ನು ಅವರು ಗುರುತಿಟ್ಟುಕೊಂಡಿದ್ದದ್ದು ಮುದ್ರೆಯ ಬಣ್ಣದಿಂದ: ನೀಲಿ ಮುದ್ರೆಯದ್ದು ಪಂಚಾಯತಿನದ್ದು, ನೇರಳೆ ಮುದ್ರೆಯದ್ದು ದೊಡ್ಡ ಕಚೇರಿಯದ್ದು. ಆ ನೇರಳೆ ಮುದ್ರೆಯ ಕಾಗದ ಅವರನ್ನು ಮರುಪರೀಕ್ಷೆಗೆ ಕರೆದಿತ್ತು, ತಾರೀಕು ಏಳು ತಿಂಗಳು ಹಿಂದಿನದ್ದು. ಅವರು ಅದನ್ನು ಮಡಚಿ, ಹಾಳಾಗದಂತೆ ದೇವರ ಪಟದ ಹಿಂದೆ ಇಟ್ಟಿದ್ದರು.

ಹೀಗಾಗಬಾರದು ಎಂದೇ ಸಂವಿಧಾನದಲ್ಲಿ 350ನೇ ವಿಧಿ ಇದೆ. ಯಾವುದೇ ಅಹವಾಲಿನ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಆಯಾ ಕಡೆ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಆದ್ದರಿಂದ ನಿಮ್ಮ ಕನ್ನಡ ಅರ್ಜಿಯನ್ನು ತೆಗೆದುಕೊಳ್ಳುವುದಿಲ್ಲ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ಉತ್ತರ ಯಾವ ಭಾಷೆಯಲ್ಲಿ ಬರಬೇಕೆಂದು ಈ ವಿಧಿ ಹೇಳುವುದಿಲ್ಲ. ಆ ಕೊರತೆಯನ್ನು ತುಂಬುವುದು ಕೇರಳದ್ದೇ ಕಾನೂನು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ, ಮಲಯಾಳ ಮತ್ತು ಇಂಗ್ಲಿಷನ್ನು ಅಧಿಕೃತ ಭಾಷೆಗಳೆಂದು ಒಪ್ಪಿಕೊಂಡಿರುವುದರ ಜತೆಗೆ, ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟೇರಿಯೇಟಿನೊಡನೆಯೂ ಇಲಾಖಾ ಮುಖ್ಯಸ್ಥರೊಡನೆಯೂ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಸರಕಾರಿ ಕಚೇರಿಗಳೊಡನೆಯೂ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಬಹುದು, ಅವಕ್ಕೆ ಉತ್ತರವೂ ಅದೇ ಭಾಷೆಯಲ್ಲಿರಬೇಕು ಎನ್ನುತ್ತದೆ. ಎಣ್ಮಕಜೆ ಇರುವ ಮಂಜೇಶ್ವರ ತಾಲೂಕು ಅಂಥ ಪ್ರದೇಶಕ್ಕೆ ಸೇರಿದ್ದು. ಅಂದರೆ ನಿಮ್ಮ ತಾಯಿಗೆ ಕನ್ನಡದಲ್ಲಿ ತಿಳಿಸುವುದು ಆ ಕಚೇರಿಯ ಔದಾರ್ಯವಲ್ಲ, ರಾಜ್ಯದ ಶಾಸನಸಭೆಯೇ ವಿಧಿಸಿದ ಕರ್ತವ್ಯ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಕಾಯ್ದೆಯ ಆ ಮಾತು ಪತ್ರವ್ಯವಹಾರಕ್ಕೆ ಸಂಬಂಧಿಸಿದ್ದು. ಕಚೇರಿ ತಾನಾಗಿ ಕಳುಹಿಸುವ ಮೊದಲ ನೋಟೀಸಿಗೆ ಅದು ಅಕ್ಷರಶಃ ಅನ್ವಯಿಸುವುದಿಲ್ಲ ಎಂದು ವಾದಿಸುವವರು ಇದ್ದಾರೆ. ನಾನು ಆ ವಾದವನ್ನು ಒಪ್ಪುವುದಿಲ್ಲ. 1962ರಲ್ಲೇ ಹರಿಕಿಸನ್ ವಿರುದ್ಧ ಮಹಾರಾಷ್ಟ್ರ ರಾಜ್ಯ ಎಂಬ ಪ್ರಕರಣದಲ್ಲಿ, ಹಿಂದಿ ಮಾತ್ರ ಬಲ್ಲ ಬಂಧಿತನೊಬ್ಬನಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟದ್ದನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ತಿಳಿಸುವುದೆಂದರೆ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸುವುದು ಎಂದಿತು. ಅದು ಮುಂಜಾಗ್ರತಾ ಬಂಧನದ ಪ್ರಕರಣ, 22ನೇ ವಿಧಿಯ ಮಾತು. ನಿಮ್ಮದಕ್ಕೆ ಅದು ನೇರವಾಗಿ ಕಟ್ಟುಬೀಳಿಸುವ ತೀರ್ಪಲ್ಲ. ಆದರೂ ಅದರ ಹಿಂದಿನ ತತ್ತ್ವ ಇಲ್ಲಿಗೂ ಹೊಂದುತ್ತದೆ. ಒಂದು ಗಡುವಿನ ಮೇಲೆ ಒಬ್ಬ ಮನುಷ್ಯನ ಹಕ್ಕು ನಿಂತಿದ್ದರೆ, ಆ ಗಡುವನ್ನು ಅವನ ಮನೆಯವರು ತಿಳಿಯಲಾರದ ಅಕ್ಷರದಲ್ಲಿ ಬರೆದು ಕಳುಹಿಸಿದ ಮಾತ್ರಕ್ಕೆ ನೋಟೀಸು ತಲುಪಿತು ಎನ್ನಲಾಗದು. ಗಡುವು ದಾಟಿದ್ದಕ್ಕೆ ವಿವರಣೆಯಾಗಿ ಇದನ್ನೇ ಅರ್ಜಿಯಲ್ಲಿ ನೇರವಾಗಿ ಬರೆಯಿರಿ, ಆ ಪತ್ರದ ನಕಲನ್ನೂ ಅದು ಬಂದ ಲಕೋಟೆ ಉಳಿದಿದ್ದರೆ ಅದನ್ನೂ ಜತೆಗಿಡಿ.

ಮಲಯಾಳದ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ; ನನ್ನ ವೃತ್ತಿಯ ಅರ್ಧ ಬದುಕು ಆ ಭಾಷೆಯಲ್ಲೇ ನಡೆದಿದೆ. ನೀವು ಮತ್ತು ನಿಮ್ಮ ಮಕ್ಕಳು ಅದನ್ನು ಕಲಿತರೆ ಒಳ್ಳೆಯದೇ. ಆದರೆ 67 ವರ್ಷದ ತಾಯಿಯೊಬ್ಬಳು ಮಗನ ಪರಿಹಾರಕ್ಕಾಗಿ ಮೊದಲು ಹೊಸ ಲಿಪಿ ಕಲಿತು ಬರಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ.

ಇನ್ನು ಕೆಲಸದ ಕ್ರಮ. ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಜಿಲ್ಲಾಧಿಕಾರಿಯವರ ಹೆಸರಿಗೆ ಕನ್ನಡದಲ್ಲಿ ಮನವಿ ಕೊಡಿ. ಹೆಸರು ಕೈಬಿಟ್ಟ ಕಾರಣವನ್ನು ಲಿಖಿತವಾಗಿ ತಿಳಿಸಬೇಕು, ತಮ್ಮನನ್ನು ಮತ್ತೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು, ಅವನು ಪ್ರಯಾಣಿಸಲಾರದ ಸ್ಥಿತಿಯಲ್ಲಿರುವುದರಿಂದ ಪರೀಕ್ಷೆ ಮನೆಯಲ್ಲೇ ಅಥವಾ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ನಡೆಯಬೇಕು, ಉತ್ತರ ಕನ್ನಡದಲ್ಲಿರಬೇಕು, ಈ ನಾಲ್ಕನ್ನು ಸ್ಪಷ್ಟವಾಗಿ ಕೇಳಿ. ಸಿಂಪಡಣೆಯ ವರ್ಷಗಳಲ್ಲಿ ನೀವು ಅಲ್ಲೇ ವಾಸವಿದ್ದಿರಿ ಎಂಬುದಕ್ಕೆ ಹಳೆಯ ರೇಶನ್ ಕಾರ್ಡು ಒಳ್ಳೆಯ ದಾಖಲೆ. ಅಂಗನವಾಡಿಯ ದಾಖಲೆ, ಚುಚ್ಚುಮದ್ದಿನ ಕಾರ್ಡು, ಜನನ ಪ್ರಮಾಣಪತ್ರ, ಅಂಗವೈಕಲ್ಯದ ಗುರುತುಚೀಟಿ ಎಲ್ಲವೂ ಬೇಕು. ಮಂಗಳೂರಿನ ಚೀಟಿಗಳು ಕಳೆದುಹೋಗಿದ್ದರೆ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ನಕಲಿಗೆ ಅರ್ಜಿ ಕೊಡಿ. ಅಂದಹಾಗೆ, ಗಡಿಯಾಚೆಯ ಚಿಕಿತ್ಸೆಯೆಂದು ಆ ಚೀಟಿಗಳನ್ನು ಯಾರಾದರೂ ಕಡೆಗಣಿಸಿದರೆ ಒಪ್ಪಬೇಡಿ. 2020ರ ಮಾರ್ಚ್ ಕೊನೆಯಲ್ಲಿ, ಕೋವಿಡ್ ಸಮಯದಲ್ಲಿ, ಗಡಿಯ ತಲಪಾಡಿಯ ರಸ್ತೆ ಮುಚ್ಚಿದಾಗ, ಚಿಕಿತ್ಸೆಗಾಗಿ ಮಂಗಳೂರಿಗೆ ಹೋಗುವವರನ್ನು ತಡೆಯುವುದು 21ನೇ ವಿಧಿಯ ಉಲ್ಲಂಘನೆ ಎಂದು ಕೇರಳ ಹೈಕೋರ್ಟು ಏಪ್ರಿಲ್ 1ರಂದು ಹೇಳಿದೆ. ಈ ಜಿಲ್ಲೆಯ ರೋಗಿಗಳಿಗೆ ಮಂಗಳೂರೇ ಹತ್ತಿರದ ಆಸರೆ ಎಂಬುದು ನ್ಯಾಯಾಲಯಕ್ಕೂ ಗೊತ್ತಿರುವ ಸಂಗತಿ.

ಮನವಿಯ ಜತೆಗೇ ಮಾಹಿತಿ ಹಕ್ಕು ಕಾಯ್ದೆಯಡಿ ಇನ್ನೊಂದು ಅರ್ಜಿ ಹಾಕಿ, ಶಿಬಿರದಲ್ಲಿ ವೈದ್ಯರು ತಮ್ಮನ ಬಗ್ಗೆ ಬರೆದ ಟಿಪ್ಪಣಿ ಮತ್ತು ಹೆಸರು ಕೈಬಿಟ್ಟ ನಿರ್ಧಾರದ ಕಡತದ ಪ್ರತಿಯನ್ನು ಕೇಳಿ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ಶುಲ್ಕವಿಲ್ಲ. ಈ ಒಂದು ಅರ್ಜಿಗೆ ಮಾತ್ರ ಕನ್ನಡದ ಪ್ರತಿಯೊಡನೆ ಮಲಯಾಳ ಅಥವಾ ಇಂಗ್ಲಿಷ್ ಪ್ರತಿಯನ್ನೂ ಸೇರಿಸಿ. ಆ ಕಾಯ್ದೆಯ 6ನೇ ಸೆಕ್ಷನ್ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆ ಎನ್ನುತ್ತದೆ. ಕನ್ನಡ ಆ ಅರ್ಥದಲ್ಲಿ ಸೇರುತ್ತದೆಯೇ ಎಂಬ ಜಗಳದಲ್ಲಿ ನಿಮ್ಮ ತಿಂಗಳುಗಳು ಹೋಗುವುದು ಬೇಡ.

ಉತ್ತರ ಬಾರದಿದ್ದರೆ ಅಥವಾ ಕಾರಣವಿಲ್ಲದ ನಿರಾಕರಣೆ ಬಂದರೆ ಮುಂದಿನ ದಾರಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. 1987ರ ಕಾಯ್ದೆಯ 12ನೇ ಸೆಕ್ಷನ್ನಿನ ಪ್ರಕಾರ ಅಂಗವಿಕಲರಿಗೂ ಮಹಿಳೆಯರಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು. ಹೈಕೋರ್ಟಿನಲ್ಲಿ 226ನೇ ವಿಧಿಯ ರಿಟ್ ಅರ್ಜಿ ಹಾಕುವುದಕ್ಕೂ ಈ ನೆರವು ಸಿಗುತ್ತದೆ. ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡುವುದಾದರೆ ಘಟನೆಯಾದ ಒಂದು ವರ್ಷದೊಳಗೆ ಕೊಡಬೇಕೆಂಬ ನಿಯಮವಿದೆ. ಆದ್ದರಿಂದ 2017ನ್ನು ಮುಂದಿಟ್ಟು ದೂರಬೇಡಿ; ಈಗ ಕೊಟ್ಟ ಮನವಿಗೆ ಉತ್ತರಿಸದಿರುವುದನ್ನು ದೂರಿನ ವಿಷಯವಾಗಿಸಿ. ಭಾಷೆಯ ಲೋಪವನ್ನು ಮಾತ್ರ ಪ್ರತ್ಯೇಕವಾಗಿ ಜಿಲ್ಲಾ ಭಾಷಾ ಅಲ್ಪಸಂಖ್ಯಾತ ಸಮಿತಿಗೂ, 350ಬಿ ವಿಧಿಯಡಿ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಕಮಿಶನರರಿಗೂ ಬರೆಯಬಹುದು. ಅವರ ಬಳಿ ಶಿಕ್ಷಿಸುವ ಅಧಿಕಾರವಿಲ್ಲ, ಆದರೆ ಅಲ್ಲಿಂದ ಬಂದ ವಿಚಾರಣಾ ಪತ್ರಕ್ಕೆ ಕಚೇರಿಗಳು ಸಾಮಾನ್ಯವಾಗಿ ಉತ್ತರಿಸುತ್ತವೆ.

ಕೊನೆಯ ಪ್ರಶ್ನೆ ಎಲ್ಲರೂ ಕೇಳುವುದಕ್ಕೆ ಹೆದರುವಂಥದ್ದು. ತಮ್ಮನಿಗೆ 18 ತುಂಬಿದ ದಿನದಿಂದ ಕಾನೂನಿನ ಕಣ್ಣಿನಲ್ಲಿ ಅಮ್ಮ ಅವನ ಪೋಷಕರಾಗಿ ಉಳಿದಿಲ್ಲ. ಇದು ಎಷ್ಟೋ ತಂದೆತಾಯಿಗಳಿಗೆ ಬ್ಯಾಂಕಿನಲ್ಲಿ ಹಣ ತೆಗೆಯಲು ಹೋದಾಗ ಮಾತ್ರ ತಿಳಿಯುತ್ತದೆ. ಬುದ್ಧಿಮಾಂದ್ಯತೆ, ಸೆರೆಬ್ರಲ್ ಪಾಲ್ಸಿ, ಆಟಿಸಂ ಮತ್ತು ಬಹು ಅಂಗವೈಕಲ್ಯ ಇರುವ ವಯಸ್ಕರಿಗೆ 1999ರ ನ್ಯಾಶನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ಈ ಅರ್ಜಿಯನ್ನು ಪರಿಹಾರ ಬರುವವರೆಗೆ ಕಾಯದೆ ಈಗಲೇ ಹಾಕಿ. ಅಮ್ಮನ ಒಪ್ಪಿಗೆಯೊಂದಿಗೆ ನೀವೇ ಪೋಷಕರಾಗುವುದಾದರೆ ಅವರು ಇರುವಾಗಲೇ ಆ ಮಾತನ್ನು ಸಮಿತಿಯ ಮುಂದೆ ಹೇಳಿದರೆ ನಾಳೆ ಬಂಧುಗಳೊಳಗೆ ತಕರಾರು ಏಳುವುದಿಲ್ಲ. ತಿಂಗಳ ಪಿಂಚಣಿ ಬರುತ್ತಿದ್ದರೆ ಅದು ಬೇರೆ, 5 ಲಕ್ಷದ ಪರಿಹಾರ ಬೇರೆ. ಒಂದನ್ನು ಕೊಟ್ಟೆವೆಂದು ಇನ್ನೊಂದನ್ನು ಕಡಿಯುವಂತಿಲ್ಲ.

ಮನವಿಯನ್ನು ಎರಡು ಪ್ರತಿ ಮಾಡಿಸಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಮುದ್ರೆ, ತಾರೀಕು ಮತ್ತು ತಪಾಲಿನ ಸಂಖ್ಯೆ ಹಾಕಿಸಿಕೊಳ್ಳದೆ ಅಲ್ಲಿಂದ ಹೊರಡಬೇಡಿ. ಹಾಕಿಕೊಡಲು ಒಪ್ಪದಿದ್ದರೆ ಅಂದೇ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಸಹಿಯನ್ನು ಅಮ್ಮ ಕನ್ನಡದಲ್ಲೇ ಹಾಕಲಿ.